ಉತ್ಸವದ ರಾತ್ರಿ, ಹೆಗಲ ಮೇಲಿನ ಮಗು: ಬಯಲು ಸಂಗೀತಕ್ಕೆ ಚಿಕ್ಕ ಮಕ್ಕಳನ್ನು ಕರೆದೊಯ್ಯುವುದು ಎಷ್ಟು ಸರಿ?

ಪ್ರತಿವರ್ಷ ಅಕ್ಟೋಬರ್ 23ರಿಂದ 25ರವರೆಗೆ ಕಿತ್ತೂರಿನ ಕೋಟೆ ಆವರಣದಲ್ಲಿ ರಾಣಿ ಚನ್ನಮ್ಮನ ಹೆಸರಿನ ಉತ್ಸವ ನಡೆಯುತ್ತದೆ. 1824ರ ಅಕ್ಟೋಬರ್ 23ರಂದು ಈಸ್ಟ್ ಇಂಡಿಯಾ ಕಂಪನಿಯ ಸೇನೆಯನ್ನು ಹಿಮ್ಮೆಟ್ಟಿಸಿ, ಕಲೆಕ್ಟರ್ ಥ್ಯಾಕರೆಯನ್ನು ಉರುಳಿಸಿದ ವಿಜಯದ ನೆನಪು ಅದು. 2024ರಲ್ಲಿ ಆ ವಿಜಯಕ್ಕೆ ಇನ್ನೂರು ವರ್ಷ ತುಂಬಿತು. ವೀರಜ್ಯೋತಿಯ ಸ್ವಾಗತ, ಜಾನಪದ ಕಲಾವಾಹಿನಿ, ವಿಚಾರಗೋಷ್ಠಿ, ಕುಸ್ತಿ, ವಸ್ತುಪ್ರದರ್ಶನ ಇವೆಲ್ಲ ಹಗಲಿನ ಭಾಗ. ಜನ ಹೆಚ್ಚಾಗಿ ಕೂಡುವುದು ಮಾತ್ರ ಸಂಜೆಯ ವೇದಿಕೆಗೆ. ಸಭಾ ಕಾರ್ಯಕ್ರಮ ಮುಗಿದ ಬಳಿಕ ಆರಂಭವಾಗುವ ಹಾಡು, ನೃತ್ಯ, ರಸಮಂಜರಿಗೆ. ಹಾಗೆ ಕೂಡುವ ಜನರಲ್ಲಿ ತಾಯಂದಿರ ಮಡಿಲಲ್ಲಿ, ತಂದೆಯರ ಹೆಗಲ ಮೇಲೆ, ಅಜ್ಜಂದಿರ ಕೈಬೆರಳು ಹಿಡಿದು ಬಂದ ಐದಾರು ವರ್ಷದೊಳಗಿನ ಮಕ್ಕಳ ಸಂಖ್ಯೆ ಸಣ್ಣದಲ್ಲ. ಆದರೆ ಉತ್ಸವದ ಯೋಜನಾ ಪತ್ರದಲ್ಲಿ ಗಣ್ಯರಿಗೆ ಆಸನವಿರುತ್ತದೆ, ಮಾಧ್ಯಮದವರಿಗೆ ಆಸನವಿರುತ್ತದೆ, ವಾಹನ ನಿಲುಗಡೆಗೆ ಜಾಗವಿರುತ್ತದೆ. ಮಗುವಿಗೆ ಎಂದು ಏನಿದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಈ ಪ್ರಶ್ನೆ ಕಿತ್ತೂರಿಗೆ ಮಾತ್ರ ಸೀಮಿತವಲ್ಲ. ಬೈಲಹೊಂಗಲ ಉಪವಿಭಾಗದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗಳ ವರ್ಷದ ಲೆಕ್ಕ ನೋಡಿದರೆ ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ ಬಯಲಿನ ಸಂಭ್ರಮಗಳದ್ದೇ ಸಾಲು. ಡಿಸೆಂಬರ್‌ನಲ್ಲಿ ರಾಮದುರ್ಗ ತಾಲ್ಲೂಕಿನ ಗೊಡಚಿ ವೀರಭದ್ರೇಶ್ವರ ಜಾತ್ರೆ, ಜನವರಿಯಲ್ಲಿ ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲಿ ರಾಯಣ್ಣನ ಉತ್ಸವ, ಆ ಬಳಿಕ ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಲಕ್ಷಾಂತರ ಜನರ ಜಾತ್ರೆ. ಸರ್ಕಾರದ ಉತ್ಸವವಿರಲಿ, ದೇವರ ಜಾತ್ರೆಯಿರಲಿ, ಎರಡರಲ್ಲೂ ಸಮಾನವಾಗಿರುವುದು ಮೂರು: ತೆರೆದ ಬಯಲು, ಏರಿದ ಧ್ವನಿ, ಸರಿರಾತ್ರಿ. ಈ ಮೂರರ ನಡುವೆ ಮಗು ಇರಬೇಕೇ, ಬೇಡವೇ ಎಂಬುದು ಇಂದಿನ ಪೋಷಕರನ್ನು ಕಾಡುತ್ತಿರುವ ಪ್ರಶ್ನೆ.

ಸಂಗೀತ ಮಕ್ಕಳಿಗೆ ಸಿಕ್ಕಿದ್ದೇ ಬಯಲಿನಲ್ಲಿ

ಮಕ್ಕಳನ್ನು ಕರೆತರಲೇಬೇಡಿ ಎಂದು ಹೇಳಿಬಿಡುವುದು ಸುಲಭ. ಆದರೆ ಈ ನೆಲದ ಸಾಂಸ್ಕೃತಿಕ ಇತಿಹಾಸ ಆ ಮಾತಿಗೆ ಒಪ್ಪುವುದಿಲ್ಲ. ಬೈಲಹೊಂಗಲ ಸೀಮೆಯ ಘಟನೆಯನ್ನೇ ಆಧರಿಸಿದ 'ಸಂಗ್ಯಾ ಬಾಳ್ಯಾ' ಸಣ್ಣಾಟವಾಗಲಿ, ಉತ್ತರ ಕರ್ನಾಟಕದ ಮನೆಮಾತಾದ ಶ್ರೀಕೃಷ್ಣ ಪಾರಿಜಾತವಾಗಲಿ, ದೊಡ್ಡಾಟಗಳಾಗಲಿ, ಇವೆಲ್ಲ ಊಟವಾದ ಮೇಲೆ ಶುರುವಾಗಿ ಬೆಳಗಿನ ಜಾವದವರೆಗೆ ನಡೆಯುತ್ತಿದ್ದ ಆಟಗಳು. ಊರಿಗೆ ಊರೇ ಕಂಬಳಿ, ಕೌದಿ ಹೊತ್ತು ಬಂದು ಬಯಲಲ್ಲಿ ಕೂರುತ್ತಿತ್ತು. ಮಕ್ಕಳು ಅರ್ಧ ಕಥೆ ನೋಡಿ, ಅರ್ಧ ನಿದ್ದೆ ಮಾಡಿ, ಮದ್ದಲೆಯ ಪೆಟ್ಟಿಗೆ ಎಚ್ಚೆತ್ತು ಮತ್ತೆ ನೋಡುತ್ತಿದ್ದರು. ರಾಗ, ತಾಳ, ಮಾತಿನ ವರಸೆ ಕಿವಿಗೆ ಬಿದ್ದದ್ದು ಹಾಗೆ; ಪಾಠಶಾಲೆಯಲ್ಲಿ ಅಲ್ಲ.

ಸವದತ್ತಿ ತಾಲ್ಲೂಕಿನ ಏಣಗಿ ಗ್ರಾಮದಲ್ಲಿ 1914ರಲ್ಲಿ ಹುಟ್ಟಿ, ನೂರು ವರ್ಷ ದಾಟಿ ಬಾಳಿ, 2017ರಲ್ಲಿ ಅಗಲಿದ ರಂಗಕರ್ಮಿ ಏಣಗಿ ಬಾಳಪ್ಪನವರು ಬಾಲನಟರಾಗಿಯೇ ರಂಗಕ್ಕೆ ಬಂದವರು. ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರು ಬಾಲಕರಾಗಿದ್ದಾಗಲೇ ವೇದಿಕೆಯಲ್ಲಿ ಹಾಡಿ ಬೆರಗು ಮೂಡಿಸಿದವರು. ಗದಗ ಸೀಮೆಯಲ್ಲಿ ಬೆಳೆದ ಭೀಮಸೇನ ಜೋಶಿ ಅವರ ಬಾಲ್ಯದ ಪ್ರಸಂಗವೊಂದು ಅವರ ಜೀವನ ವೃತ್ತಾಂತಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮೆರವಣಿಗೆಯ ವಾದ್ಯ ಕೇಳಿದರೆ ಸಾಕು, ಬಾಲಕ ಅದರ ಹಿಂದೆಯೇ ಹೊರಟುಬಿಡುತ್ತಿದ್ದ, ದಣಿದಲ್ಲಿ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಸೋತ ತಂದೆ ಕೊನೆಗೆ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದರಂತೆ. ಸಿಕ್ಕವರು ಮನೆಗೆ ತಲುಪಿಸುತ್ತಿದ್ದರು. ಮುಂದೆ ಭಾರತರತ್ನ ಪಡೆದ ಗಾಯಕನ ಮೊದಲ ಸಂಗೀತ ಕಛೇರಿ ಬೀದಿಯೇ ಆಗಿತ್ತು ಎಂಬುದು ಈ ಪ್ರಸಂಗದ ಒಂದು ಮುಖ. ಸಂಗೀತದ ಹಿಂದೆ ಹೋದ ಮಗು ಕಳೆದುಹೋಗುತ್ತದೆ, ಅದಕ್ಕೊಂದು ಗುರುತು ಬೇಕು ಎಂದು ತಂದೆಯೊಬ್ಬರು ಆಗಲೇ ಕಂಡುಕೊಂಡಿದ್ದರು ಎಂಬುದು ಇನ್ನೊಂದು ಮುಖ.

ಇದರ ಜೊತೆಗೆ ಸಾಮಾಜಿಕ ವಾಸ್ತವವೂ ಇದೆ. ಮಗುವನ್ನು ಮನೆಯಲ್ಲಿ ಬಿಟ್ಟು ಬನ್ನಿ ಎಂದರೆ ಯಾರ ಬಳಿ ಬಿಡಬೇಕು? ಅವಿಭಕ್ತ ಕುಟುಂಬಗಳು ಕರಗಿವೆ. ಹೊಲದ ಕೆಲಸ, ಮಗ್ಗದ ಕೆಲಸ, ಅಂಗಡಿ ಕೆಲಸ ಮುಗಿಸಿ ಬರುವ ದಂಪತಿಗೆ ಮಗು ನೋಡಿಕೊಳ್ಳುವವರನ್ನು ಇಟ್ಟುಕೊಳ್ಳುವ ಅನುಕೂಲವಿಲ್ಲ. ಮಗುವಿಗೆ ಪ್ರವೇಶವಿಲ್ಲ ಎಂದರೆ ಅದರ ಅರ್ಥ ತಾಯಿಗೆ ಪ್ರವೇಶವಿಲ್ಲ ಎಂದೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಸುಲಭವಾಗಿದೆ. ತಾಯಂದಿರು ಊರ ಗಡಿ ದಾಟಿ ಉತ್ಸವಕ್ಕೆ ಬರುವಾಗ ಮಕ್ಕಳೂ ಜೊತೆಗೇ ಬರುತ್ತಾರೆ. ನಾಡಿಗೆ ಧೈರ್ಯ ಕಲಿಸಿದ ಹೆಣ್ಣಿನ ಹೆಸರಿನಲ್ಲಿ ನಡೆಯುವ ಉತ್ಸವಕ್ಕೆ ಎಳೆಗೂಸಿನ ತಾಯಿ ಬರಲಾಗದಿದ್ದರೆ ಅದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೊಂದಿಲ್ಲ.

ಹೀಗಾಗಿ ಮಕ್ಕಳು ಬರಬೇಕೇ ಎಂಬ ಪ್ರಶ್ನೆಗೆ ಉತ್ತರ ಹೌದು. ಆದರೆ ಎಂತಹ ಬಯಲಿಗೆ, ಎಷ್ಟು ಹೊತ್ತಿಗೆ, ಯಾವ ಭದ್ರತೆಯಲ್ಲಿ ಎಂಬ ಪ್ರಶ್ನೆಗಳಿಗೆ ಉತ್ತರ ಅಷ್ಟು ಸರಳವಲ್ಲ. ಹಿಂದಿನ ಬಯಲಾಟದ ಬಯಲಿಗೂ ಇಂದಿನ ರಸಮಂಜರಿಯ ಬಯಲಿಗೂ ನಡುವೆ ಮುಖ್ಯವಾಗಿ ಬದಲಾದದ್ದು ಧ್ವನಿ.

ಎಳೆಯ ಕಿವಿ ಎಷ್ಟು ತಾಳೀತು?

ಸಣ್ಣಾಟದ ಭಾಗವತನ ಕಂಠಕ್ಕೆ ಒಂದು ಮಿತಿಯಿತ್ತು. ಇಂದಿನ ವೇದಿಕೆಯ ಎರಡೂ ಬದಿಗೆ ಗೋಪುರದಂತೆ ಪೇರಿಸಿಟ್ಟ ಧ್ವನಿಪೆಟ್ಟಿಗೆಗಳಿಗೆ ಅಂತಹ ಮಿತಿಯಿಲ್ಲ. ಬೆಳಗಾವಿ ಸೀಮೆಯ ಜನರ ಬಾಯಲ್ಲಿ ಇದರ ಹೆಸರು 'ಡಾಲ್ಬಿ'. ಎದೆಗೂಡು ನಡುಗುವಂತೆ ಹೊಡೆದರೆ ಮಾತ್ರ ಕಾರ್ಯಕ್ರಮ ಜೋರಾಗಿತ್ತು ಎಂಬ ಭಾವನೆ ಬೇರೂರಿದೆ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಸಭಾಂಗಣ ಹಾಗೂ ಉತ್ಸವಗಳಿಗಾಗಿ ಮಾನದಂಡವೊಂದನ್ನು ಪ್ರಕಟಿಸಿತು. ಅದರಂತೆ ಪ್ರೇಕ್ಷಕರಿರುವ ಜಾಗದಲ್ಲಿ 15 ನಿಮಿಷದ ಸರಾಸರಿ ಧ್ವನಿ 100 ಡೆಸಿಬೆಲ್ ಮೀರಬಾರದು. ಸಂಘಟಕರು ಧ್ವನಿಯ ಮಟ್ಟವನ್ನು ನಿರಂತರ ಅಳೆಯಬೇಕು. ಕಿವಿ ರಕ್ಷಕಗಳು ದೊರೆಯುವಂತಿರಬೇಕು. ಕಿವಿಗೆ ವಿಶ್ರಾಂತಿ ನೀಡುವ ನಿಶ್ಶಬ್ದ ಜಾಗವೂ ಇರಬೇಕು. ಈ 100 ಎಂಬುದು ಮುಖ್ಯವಾಗಿ ವಯಸ್ಕರನ್ನು ಗಮನದಲ್ಲಿಟ್ಟುಕೊಂಡ ಮೇಲ್ಮಿತಿ ಎಂಬುದನ್ನು ಮರೆಯಬಾರದು.

ಮಕ್ಕಳ ಲೆಕ್ಕ ಬೇರೆ. ಅದೇ ಸಂಸ್ಥೆ 2019ರಲ್ಲಿ ಮೊಬೈಲ್ ಮೊದಲಾದ ಶ್ರವಣ ಸಾಧನಗಳಿಗಾಗಿ ರೂಪಿಸಿದ ಮಾನದಂಡದಲ್ಲಿ ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ ವಾರಕ್ಕೆ 40 ಗಂಟೆ 75 ಡೆಸಿಬೆಲ್ ಎಂದು ಹೇಳಿದೆ. ಧ್ವನಿಯ ಅಳತೆಯ ವಿಚಿತ್ರವೆಂದರೆ, ಪ್ರತಿ 3 ಡೆಸಿಬೆಲ್ ಏರಿದಂತೆ ಕಿವಿಗೆ ತಲುಪುವ ಶಕ್ತಿ ದ್ವಿಗುಣಗೊಳ್ಳುತ್ತದೆ. ಆದ್ದರಿಂದ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ 78 ಡೆಸಿಬೆಲ್‌ನಲ್ಲಿ 20 ಗಂಟೆ, 84ರಲ್ಲಿ 5 ಗಂಟೆ, 90ರಲ್ಲಿ ಒಂದೂಕಾಲು ಗಂಟೆ, 93ರಲ್ಲಿ ಸುಮಾರು 37 ನಿಮಿಷ, 99ರಲ್ಲಿ ಹತ್ತು ನಿಮಿಷಕ್ಕೂ ಕಡಿಮೆ. ಸಾಧನಗಳಿಗೆಂದು ರೂಪಿಸಿದ ಈ ಅಳತೆಗೋಲನ್ನು ಬಯಲಿಗೆ ಹಿಡಿದು ನೋಡಿದರೆ, ವೇದಿಕೆಯ ಹತ್ತಿರ ಕೂತ ಮಗುವಿನ ಇಡೀ ವಾರದ ಪಾಲು ಎರಡೇ ಹಾಡಿಗೆ ಮುಗಿದುಹೋಗಬಹುದು ಎಂಬುದು ಸ್ಪಷ್ಟವಾಗುತ್ತದೆ.

ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳಿರುತ್ತವೆ. ಮನುಷ್ಯನಲ್ಲಿ ಇವು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ನಷ್ಟ ಒಂದೇ ರಾತ್ರಿಯಲ್ಲಿ ಕಾಣಿಸಿಕೊಳ್ಳಬೇಕೆಂದಿಲ್ಲ. ವರ್ಷಗಟ್ಟಲೆ ಕೂಡುತ್ತ ಹೋಗಿ, ತರಗತಿಯಲ್ಲಿ ಹಿಂದಿನ ಸಾಲಿನ ಮಗು ಪಾಠ ಕೇಳಿಸದೆ ತಡವರಿಸುವಾಗ ಗೊತ್ತಾಗುತ್ತದೆ. ಮಾತು ಕಲಿಯುವ ವಯಸ್ಸಿನ ಮಗುವಿಗೆ ಕಿವಿಯೇ ಭಾಷೆಯ ಬಾಗಿಲು.

ಇಲ್ಲಿ ಎರಡು ತಪ್ಪು ನಂಬಿಕೆಗಳನ್ನು ತಿದ್ದಬೇಕಾಗಿದೆ. ಒಂದು, 'ಮಗು ಮಲಗಿಬಿಟ್ಟಿದೆ, ಅದಕ್ಕೇನೂ ಆಗಿಲ್ಲ' ಎಂಬುದು. ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಇಲ್ಲ. ನಿದ್ರಿಸುವ ಮಗುವಿನ ಕಿವಿಗೂ ಅಷ್ಟೇ ಶಬ್ದ ತಲುಪುತ್ತದೆ. ಎರಡು, ಕಿವಿಗೆ ಹತ್ತಿ ತುರುಕಿದರೆ ಸಾಕು ಎಂಬುದು. ಹತ್ತಿ ತಡೆಯುವ ಶಬ್ದ ಅತ್ಯಲ್ಪ. ಹೊರಗಿನಿಂದ ಇಡೀ ಕಿವಿಯನ್ನು ಮುಚ್ಚುವ ಮಕ್ಕಳ ಅಳತೆಯ ಕಿವಿಕವಚ ಮಾತ್ರ ಎಳೆಯರಿಗೆ ಸೂಕ್ತ. ಕಿವಿಯೊಳಗೆ ತೂರಿಸುವ ಬಿರಡೆಗಳು ಸಣ್ಣ ಮಕ್ಕಳಿಗೆ ಸರಿಯಾಗಿ ಕೂರುವುದಿಲ್ಲ. ಕಿತ್ತು ಬಾಯಿಗೆ ಹಾಕಿಕೊಳ್ಳುವ ಅಪಾಯವೂ ಉಂಟು.

ದೂರ ಕೂತರೆ ಸಾಕಲ್ಲವೇ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಬಯಲಿನಲ್ಲಿ ಒಂದೇ ಮೂಲದಿಂದ ಬರುವ ಶಬ್ದ, ದೂರ ದ್ವಿಗುಣವಾದಂತೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 10 ಮೀಟರ್‌ನಲ್ಲಿ 100 ಇದ್ದದ್ದು 80 ಮೀಟರ್ ದೂರದಲ್ಲಿ 82ರ ಆಸುಪಾಸಿಗೆ ಬರುತ್ತದೆ. ಆದರೆ ಇಂದು ದೊಡ್ಡ ಮೈದಾನಗಳಲ್ಲಿ ನಡುನಡುವೆಯೂ ಧ್ವನಿಪೆಟ್ಟಿಗೆಯ ಕಂಬಗಳನ್ನು ನಿಲ್ಲಿಸುತ್ತಾರೆ. ವೇದಿಕೆಯಿಂದ ದೂರ ಬಂದೆವೆಂದು ನೆಮ್ಮದಿಯಿಂದ ಕೂತ ಕುಟುಂಬ ಇನ್ನೊಂದು ಕಂಬದ ಬುಡದಲ್ಲೇ ಕೂತಿರಬಹುದು. ಆದ್ದರಿಂದ ನೋಡಬೇಕಾದದ್ದು ವೇದಿಕೆಯಿಂದ ಎಷ್ಟು ದೂರ ಎಂಬುದನ್ನಲ್ಲ, ಧ್ವನಿಪೆಟ್ಟಿಗೆಯಿಂದ ಎಷ್ಟು ದೂರ ಎಂಬುದನ್ನು. ಮಾತನಾಡಲು ಒಂದು ಮೊಳ ದೂರದಲ್ಲಿರುವವರಿಗೂ ಕೂಗಬೇಕಾಗಿ ಬಂದರೆ ಆ ಜಾಗ ಮಗುವಿಗೆ ತಕ್ಕದ್ದಲ್ಲ.

ಡೊಳ್ಳು, ಜಗ್ಗಲಗಿ, ಕರಡಿ ಮಜಲುಗಳ ಸದ್ದು ಕಡಿಮೆಯೇ ಎಂದು ಯಾರಾದರೂ ಕೇಳಬಹುದು. ಕಡಿಮೆಯಲ್ಲ. ಹತ್ತಿರ ನಿಂತರೆ ಅವೂ ಕಿವಿಗೆ ಅಪಾಯವೇ. ಆದರೆ ಮೆರವಣಿಗೆಯ ವಾದ್ಯ ಹತ್ತಿರ ಬಂದು, ದಾಟಿ, ದೂರವಾಗುತ್ತದೆ. ಮಗುವನ್ನು ಎತ್ತಿಕೊಂಡು ಹತ್ತು ಹೆಜ್ಜೆ ಹಿಂದೆ ಸರಿಯಲು ಅವಕಾಶವಿರುತ್ತದೆ. ಕಿಕ್ಕಿರಿದ ಮೈದಾನದ ನಡುವೆ ಕೂತವರಿಗೆ ಮೂರು ಗಂಟೆ ಆ ಅವಕಾಶವಿಲ್ಲ.

ಶಬ್ದದ ಜೊತೆ ಬೆಳಕಿನ ಮಾತೂ ಇದೆ. 2023ರ ಗಣೇಶೋತ್ಸವದ ವೇಳೆ ನೆರೆಯ ಕೊಲ್ಲಾಪುರದಲ್ಲಿ ಲೇಸರ್ ಕಿರಣಗಳಿಂದ ಕಣ್ಣಿಗೆ ಹಾನಿಯಾದದ್ದು ವರದಿಯಾಗಿತ್ತು. ಹೆಗಲ ಮೇಲೆ ಕೂತ ಮಗುವಿನ ಕಣ್ಣು ಜನರ ತಲೆಗಳಿಗಿಂತ ಮೇಲಿರುತ್ತದೆ ಎಂಬುದನ್ನು ಬೆಳಕಿನ ಗುತ್ತಿಗೆದಾರರಿಗೆ ಯಾರಾದರೂ ಹೇಳಬೇಕು.

ಕಾನೂನು ಇದೆ, ಗಡಿಯಾರ ಇಲ್ಲ

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬದ ಸಂದರ್ಭಗಳಲ್ಲಿ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ರಾತ್ರಿ 12ರವರೆಗೆ ವಿನಾಯಿತಿ ನೀಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ. ಸುಪ್ರೀಂ ಕೋರ್ಟ್ 2005ರ ತೀರ್ಪುಗಳಲ್ಲಿ ರಾತ್ರಿಯ ನಿಷೇಧವನ್ನು ಬಲವಾಗಿ ಎತ್ತಿಹಿಡಿಯಿತು. ಸೀಮಿತ ವಿನಾಯಿತಿಯನ್ನೂ ಮಾನ್ಯ ಮಾಡಿತು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಸಾರ್ವಜನಿಕ ಸ್ಥಳದ ಎಲ್ಲೆಯಲ್ಲಿ ಧ್ವನಿವರ್ಧಕದ ಶಬ್ದ ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ.

ಗಮನಿಸಬೇಕಾದ ಸಂಗತಿಯೆಂದರೆ, ಈ ನಿಯಮಗಳು ಮೈದಾನದ ಹೊರಗಿರುವವರ ನೆಮ್ಮದಿಯನ್ನು ಕಾಯುತ್ತವೆ. ಎಲ್ಲೆಯ ಆಚೆಗಿನ ಮನೆಯವರಿಗೆ ರಕ್ಷಣೆಯಿದೆ. ಎಲ್ಲೆಯ ಒಳಗೆ ತಾಯಿಯ ಮಡಿಲಲ್ಲಿರುವ ಮಗುವಿಗೆ ಹೆಸರಿಟ್ಟು ಹೇಳಿದ ರಕ್ಷಣೆಯಿಲ್ಲ. ಮಧ್ಯರಾತ್ರಿಯವರೆಗಿನ ವಿನಾಯಿತಿ ದೊರೆತ ದಿನಗಳೇ ಮಕ್ಕಳು ಅತಿ ಹೆಚ್ಚು ಬರುವ ದಿನಗಳೂ ಆಗಿರುತ್ತವೆ.

ಸರ್ಕಾರಿ ಉತ್ಸವಗಳ ಇನ್ನೊಂದು ಪರಂಪರೆ ವಿಳಂಬ. ಗಣ್ಯರ ಆಗಮನ, ಸ್ವಾಗತ, ದೀಪ ಬೆಳಗುವಿಕೆ, ಶಾಲು ಹಾರ, ಸರದಿ ಭಾಷಣಗಳು ಮುಗಿಯುವ ಹೊತ್ತಿಗೆ ಸಂಜೆಯ ಸಮಯ ಜಾರಿರುತ್ತದೆ. ಮಕ್ಕಳು ಉತ್ಸಾಹದಿಂದಿರುವ ಆರು, ಏಳು ಗಂಟೆಯ ಹೊತ್ತು ಭಾಷಣಕ್ಕೆ. ಮಕ್ಕಳು ನಿದ್ದೆಗೆ ಜಾರುವ ಒಂಬತ್ತು, ಹತ್ತು ಗಂಟೆಯ ಹೊತ್ತು ಹಾಡಿಗೆ. ಸಾಮಾನ್ಯವಾಗಿ ನಮ್ಮ ಉತ್ಸವಗಳ ಸಮಯಪಟ್ಟಿ ಹೀಗೆ ತಲೆಕೆಳಗಾಗಿರುತ್ತದೆ. ಪೋಷಕರು ರಾತ್ರಿ ತಡವಾಗಿ ಮಕ್ಕಳನ್ನು ಕೂರಿಸಿಕೊಂಡಿದ್ದಾರೆ ಎಂದು ದೂರುವ ಮೊದಲು, ಅವರನ್ನು ಅಷ್ಟು ಹೊತ್ತು ಕಾಯಿಸಿದ್ದು ಏನು ಎಂದು ಕೇಳಬೇಕಾಗುತ್ತದೆ.

ನೂಕುನುಗ್ಗಲಿನಲ್ಲಿ ಎತ್ತರವೇ ಉಸಿರು

ಕಾಯಿಸುವುದು ಬರೀ ಅನಾನುಕೂಲವಲ್ಲ, ಅಪಾಯವೂ ಹೌದು. 2025ರ ಸೆಪ್ಟೆಂಬರ್ 27ರಂದು ತಮಿಳುನಾಡಿನ ಕರೂರಿನಲ್ಲಿ ನಟ, ರಾಜಕಾರಣಿ ವಿಜಯ್ ಅವರ ಸಭೆಗೆ ಗಂಟೆಗಟ್ಟಲೆ ಕಾದಿದ್ದ ಜನರ ನಡುವೆ ಉಂಟಾದ ನೂಕುನುಗ್ಗಲಿನಲ್ಲಿ 41 ಮಂದಿ ಮೃತಪಟ್ಟರು. ಅವರಲ್ಲಿ ಮಕ್ಕಳೂ ಇದ್ದರು. ಅದೇ ವರ್ಷ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳ ಬಳಿ 11 ಜನ ಪ್ರಾಣ ಕಳೆದುಕೊಂಡರು. 2023ರ ನವೆಂಬರ್ 25ರಂದು ಕೇರಳದ ಕೊಚ್ಚಿ ವಿಶ್ವವಿದ್ಯಾಲಯದಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಮುನ್ನ ನಡೆದ ದುರಂತದಲ್ಲಿ ನಾಲ್ವರು ಸತ್ತರು. ಜಾತ್ರೆಯ ಮಾತಿಗೆ ಬಂದರೆ, 2005ರ ಜನವರಿಯಲ್ಲಿ ಮಹಾರಾಷ್ಟ್ರದ ಮಾಂಢರದೇವಿ ಬೆಟ್ಟದಲ್ಲಿ ಮುನ್ನೂರರ ಸಮೀಪ ಭಕ್ತರು ಬಲಿಯಾದ ನೆನಪು ಇನ್ನೂ ಮಾಸಿಲ್ಲ. ಎತ್ತರದ ದೇವಸ್ಥಾನ, ಹುಣ್ಣಿಮೆಯ ಜನಸಾಗರ, ಅಂಗಡಿಗಳ ಸಾಲು ಎಂಬ ಆ ಚಿತ್ರ ಯಲ್ಲಮ್ಮನ ಗುಡ್ಡವನ್ನು ಬಲ್ಲವರಿಗೆ ಅಪರಿಚಿತವಲ್ಲ.

ನೂಕುನುಗ್ಗಲಿನಲ್ಲಿ ಬಹುಪಾಲು ಸಾವು ಸಂಭವಿಸುವುದು ತುಳಿತದಿಂದಲ್ಲ, ಎದೆ ಒತ್ತಿ ಉಸಿರು ಕಟ್ಟುವುದರಿಂದ. ದೊಡ್ಡವರ ಸೊಂಟದ ಎತ್ತರದಲ್ಲಿರುವ ಮಗುವಿಗೆ ಗಾಳಿ ಮೊದಲು ಕಡಿಮೆಯಾಗುತ್ತದೆ. ಅದು ಕೂಗಿದರೂ ಸಂಗೀತದ ಅಬ್ಬರದಲ್ಲಿ ಕೇಳಿಸುವುದಿಲ್ಲ. ಬೆಂಕಿಯ ವಿಷಯವೂ ಹಾಗೆಯೇ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬವಾಲಿಯಲ್ಲಿ ಶಾಲಾ ಸಮಾರಂಭದ ಪೆಂಡಾಲಿಗೆ ಬೆಂಕಿ ತಗುಲಿ 440ಕ್ಕೂ ಹೆಚ್ಚು ಜನ ಅಸುನೀಗಿದರು. ಅರ್ಧಕ್ಕಿಂತ ಹೆಚ್ಚಿನವರು ಮಕ್ಕಳು. ಪೆಂಡಾಲಿಗೆ ಎಷ್ಟು ಬಾಗಿಲು, ಅವು ತೆರೆದಿವೆಯೇ ಎಂಬುದು ಮಗುವಿನೊಂದಿಗೆ ಬರುವವರು ಕೂರುವ ಮೊದಲೇ ನೋಡಿಕೊಳ್ಳಬೇಕಾದ ಸಂಗತಿ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2014ರಲ್ಲೇ ಜನಸಂದಣಿ ನಿರ್ವಹಣೆಗೆ ವಿವರವಾದ ಮಾರ್ಗದರ್ಶಿಯನ್ನು ಪ್ರಕಟಿಸಿದೆ. ಮಾರ್ಗದರ್ಶಿ ಕಡತದಲ್ಲಿರುವುದಕ್ಕೂ ಮೈದಾನದಲ್ಲಿರುವುದಕ್ಕೂ ಇರುವ ಅಂತರ ಪ್ರತಿ ದುರಂತದ ಬಳಿಕ ಮಾತ್ರ ಚರ್ಚೆಗೆ ಬರುತ್ತದೆ.

ಕಳೆದುಹೋದ ಮಗು ಯಾರ ಬಳಿಗೆ?

ಅಂಗಿಯ ಮೇಲೆ ಹೆಸರು ಬರೆಸಿದ ಜೋಶಿ ಮಾಸ್ತರರ ಉಪಾಯ ಇಂದಿಗೂ ಹಳೆಯದಾಗಿಲ್ಲ. ಪ್ರಯಾಗದ ಕುಂಭಮೇಳದಲ್ಲಿ 1946ರಿಂದಲೂ ದಾರಿ ತಪ್ಪಿದವರನ್ನು ಕುಟುಂಬಕ್ಕೆ ಸೇರಿಸುವ ಶಿಬಿರ ನಡೆದುಬಂದಿದೆ. 2025ರ ಮಹಾಕುಂಭದಲ್ಲಿ ಗಣಕೀಕೃತ ಕೇಂದ್ರಗಳೂ ಅದಕ್ಕೆ ಜೊತೆಯಾದವು. ಯಲ್ಲಮ್ಮನ ಗುಡ್ಡದಂತಹ ಕ್ಷೇತ್ರಕ್ಕೆ ಮಹಾರಾಷ್ಟ್ರ, ಗೋವಾ, ಆಂಧ್ರ, ತೆಲಂಗಾಣಗಳಿಂದ ಭಕ್ತರು ಬರುತ್ತಾರೆ. ಕಳೆದುಹೋದ ಮೂರು ವರ್ಷದ ಮಗು ಮರಾಠಿಯಲ್ಲೋ ತೆಲುಗಿನಲ್ಲೋ ತನ್ನ ತಂದೆಯನ್ನು ಕರೆಯಬಲ್ಲದಷ್ಟೇ. ಧ್ವನಿವರ್ಧಕದಲ್ಲಿ ಕನ್ನಡದಲ್ಲಿ ಮಾತ್ರ ಘೋಷಿಸಿದರೆ ಸಾಲದು.

ಬಾಲನ್ಯಾಯ ಕಾಯ್ದೆಯ ಪ್ರಕಾರ ಪೋಷಕರು ಸಿಗದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಕ್ಕಳ ಸಹಾಯವಾಣಿ 1098, ತುರ್ತು ಸೇವೆ 112 ಎರಡೂ ಇವೆ. ಸಿಕ್ಕ ಮಗುವನ್ನು ಎಲ್ಲಿಗೆ ಒಯ್ಯಬೇಕು ಎಂಬುದು ಎಳನೀರು ಮಾರುವವನಿಗೂ, ತೊಟ್ಟಿಲು ತಿರುಗಿಸುವವನಿಗೂ ಗೊತ್ತಿರುವಂತಾದರೆ ಮಾತ್ರ ಈ ವ್ಯವಸ್ಥೆಗೆ ಅರ್ಥ. ಸವದತ್ತಿಯಲ್ಲಿ ಈ ಎಚ್ಚರಕ್ಕೆ ಇನ್ನೊಂದು ಕಾರಣವೂ ಉಂಟು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯ ವಿರುದ್ಧ ರಾಜ್ಯ 1982ರಲ್ಲಿ ಕಾಯ್ದೆ ಮಾಡಬೇಕಾಗಿ ಬಂದ ಇತಿಹಾಸ ಈ ಸೀಮೆಯದ್ದು. ಜಾತ್ರೆಯಲ್ಲಿ ಮಕ್ಕಳ ರಕ್ಷಣೆ ಎಂದರೆ ಕಳೆದುಹೋದವರನ್ನು ಹುಡುಕುವುದಷ್ಟೇ ಅಲ್ಲ.

ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ 2024ರಲ್ಲಿ ಕೇಂದ್ರ ಸರ್ಕಾರ 100 ಕೋಟಿ ರೂಪಾಯಿಯ ಯೋಜನೆಗೆ ಮಂಜೂರಾತಿ ನೀಡಿದೆ. ಕಟ್ಟಡ, ರಸ್ತೆ, ಸರತಿ ಸಾಲಿನ ಮಂಟಪಗಳ ನಕ್ಷೆಯಲ್ಲೇ ಹಾಲುಣಿಸುವ ಕೋಣೆ, ಮಕ್ಕಳ ಎತ್ತರದ ನಲ್ಲಿ, ಶೌಚಾಲಯ, ಕಳೆದುಹೋದವರ ಕೇಂದ್ರಗಳಿಗೆ ಶಾಶ್ವತ ಜಾಗ ಗುರುತಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಕಟ್ಟಿದ ಮೇಲೆ ಸೇರಿಸುವುದು ದುಬಾರಿ; ನಕ್ಷೆಯಲ್ಲಿ ಸೇರಿಸುವುದು ಅಗ್ಗ.

ಬೇರೆಡೆ ಏನು ನಡೆದಿದೆ?

ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ 12 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ ಹಿಡಿದ ಪೋಷಕರೊಂದಿಗೆ ಉಚಿತ ಪ್ರವೇಶವಿದೆ. ಅವರಿಗೆಂದೇ ಪ್ರತ್ಯೇಕ ಆಟದ ಅಂಗಳವಿದೆ. ಐರೋಪ್ಯ ಉತ್ಸವಗಳಲ್ಲಿ ಎಳೆಯ ಮಕ್ಕಳ ತಲೆಗೆ ಬಣ್ಣಬಣ್ಣದ ಕಿವಿಕವಚ ಇಂದು ಸಾಮಾನ್ಯ ದೃಶ್ಯ. ಅಷ್ಟು ದೂರ ಹೋಗಬೇಕೆಂದೇನಿಲ್ಲ. ಮೈಸೂರು ದಸರಾದಲ್ಲಿ ಅರಮನೆಯ ಮುಂದಿನ ಸಂಗೀತ ಬೇರೆ, ಯುವ ದಸರಾ ಬೇರೆ, ಮಕ್ಕಳ ದಸರಾ ಬೇರೆ. ಒಂದೇ ವೇದಿಕೆಯಲ್ಲಿ ಎಲ್ಲರನ್ನೂ ಎಲ್ಲ ಹೊತ್ತೂ ಕೂರಿಸಬೇಕಿಲ್ಲ ಎಂಬ ಸರಳ ವಿವೇಕ ಅಲ್ಲಿದೆ.

ಈ ಭಾಗಕ್ಕೆ ಮಾನವ ಸಂಪನ್ಮೂಲದ ಕೊರತೆಯೂ ಇಲ್ಲ. ಧಾರವಾಡದಲ್ಲಿ ಕರ್ನಾಟಕ ಬಾಲವಿಕಾಸ ಅಕಾಡೆಮಿಯಿದೆ, ರಂಗಾಯಣವಿದೆ. ಕಿತ್ತೂರಿಗೆ ಧಾರವಾಡ ಗಂಟೆಯ ದಾರಿಯೂ ಅಲ್ಲ. ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಕೋಟೆ ಆವರಣದ ಒಂದು ಬದಿಯಲ್ಲಿ ಕಡಿಮೆ ಧ್ವನಿಯ ಮಕ್ಕಳ ವೇದಿಕೆ ನಿರ್ಮಿಸಿ, ಚೌಡಿಕೆ, ಸಂಬಾಳ, ಏಕತಾರಿ, ದಿಮ್ಮುಗಳನ್ನು ಮಕ್ಕಳು ಮುಟ್ಟಿ ನೋಡುವಂತೆ ಮಾಡಿದರೆ ಅದರ ಖರ್ಚು ಹೆಸರಾಂತ ಹಿನ್ನೆಲೆ ಗಾಯಕರೊಬ್ಬರ ಸಂಭಾವನೆಯ ಸಣ್ಣ ಪಾಲಷ್ಟೇ ಆದೀತು.

ಮಾಡಬೇಕಾದದ್ದು

ಜಿಲ್ಲಾಡಳಿತ ಹಾಗೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮನಸ್ಸು ಮಾಡಿದರೆ ಮುಂದಿನ ಉತ್ಸವದಿಂದಲೇ ಕೆಲವು ಬದಲಾವಣೆಗಳು ಸಾಧ್ಯ. ಸಭಾ ಕಾರ್ಯಕ್ರಮವನ್ನು ಹಗಲಿಗೆ ಸರಿಸಿ, ಜಾನಪದ ಮತ್ತು ಲಘು ಸಂಗೀತವನ್ನು ಸಂಜೆ ಆರಕ್ಕೆ ತರುವುದು ಮೊದಲನೆಯದು. ಯಾವ ಗಂಟೆಗೆ ಯಾರ ಕಾರ್ಯಕ್ರಮ ಎಂಬ ಪಟ್ಟಿಯನ್ನು ಪ್ರಕಟಿಸಿ, ಅದಕ್ಕೆ ಬದ್ಧವಾಗಿರುವುದು ಎರಡನೆಯದು. ಆಗ ಪೋಷಕರು ಎಂಟೂವರೆಗೆ ಮನೆಗೆ ಹೊರಡಬಹುದೇ ಎಂದು ತಾವೇ ನಿರ್ಧರಿಸಬಲ್ಲರು. ಧ್ವನಿಪೆಟ್ಟಿಗೆಗಳಿಂದ ದೂರ, ನಿರ್ಗಮನ ದ್ವಾರಕ್ಕೆ ಹತ್ತಿರವಾಗಿ ಕುಟುಂಬಗಳ ಆವರಣ. ಅಲ್ಲಿ ಎಲ್ಲರಿಗೂ ಕಾಣುವಂತೆ ಡೆಸಿಬೆಲ್ ಫಲಕ. ಪ್ರವೇಶದಲ್ಲೇ ಮಗುವಿನ ಮುಂಗೈಗೆ ಪೋಷಕರ ದೂರವಾಣಿ ಸಂಖ್ಯೆಯ ಪಟ್ಟಿ. ಎತ್ತರದಲ್ಲಿ ಒಂದೇ ಬಣ್ಣದ ಬಾವುಟ ಹಾರಿಸಿದ ಮಕ್ಕಳ ನೆರವು ಕೇಂದ್ರ. ಇವು ಯಾವುವೂ ಕೋಟಿಗಳ ಮಾತಲ್ಲ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಕಾರ್ಯಕ್ರಮ ಮುಗಿದ ಮೇಲಷ್ಟೇ ಅಲ್ಲದೆ ನಡುವಿನಲ್ಲೂ, ಎಂಟೂವರೆ ಒಂಬತ್ತರ ಹೊತ್ತಿಗೆ ಬೈಲಹೊಂಗಲ, ಸವದತ್ತಿ, ಧಾರವಾಡ, ಬೆಳಗಾವಿ ಕಡೆಗೆ ಬಸ್ ಬಿಟ್ಟರೆ, ಕೊನೆಯವರೆಗೆ ಕಾಯಲೇಬೇಕಾದ ಅನಿವಾರ್ಯ ಅನೇಕ ತಾಯಂದಿರಿಗೆ ತಪ್ಪುತ್ತದೆ.

ಪೋಷಕರ ಪಾಲೂ ಇದೆ. ಒಂದು ವರ್ಷದೊಳಗಿನ ಕೂಸನ್ನು ರಾತ್ರಿಯ ದೊಡ್ಡ ವೇದಿಕೆಗೆ ತರದಿರುವುದೇ ಲೇಸು. ಹಗಲಿನ ಕಲಾವಾಹಿನಿಯನ್ನು ದೂರದಿಂದ ತೋರಿಸಿದರೆ ಸಾಕು. ಅಕ್ಟೋಬರ್ ಕೊನೆಗೆ ಹಿಂಗಾರು ಮಳೆಯ ಸಂಭವ, ಡಿಸೆಂಬರ್ ಮತ್ತು ಜನವರಿಯ ಗೊಡಚಿ, ಸಂಗೊಳ್ಳಿಗಳಲ್ಲಿ ರಾತ್ರಿಯ ಚಳಿ, ಗುಡ್ಡದಲ್ಲಿ ದೂಳು ಮತ್ತು ಗಾಳಿಯಲ್ಲಿ ಹಾರುವ ಭಂಡಾರ. ಇವಕ್ಕೆ ತಕ್ಕ ಬಟ್ಟೆ, ನೀರು, ಮನೆಯ ಬುತ್ತಿ ಜೊತೆಗಿರಬೇಕು. ಬಂದ ಕೂಡಲೇ ಮಗುವಿನ ಭಾವಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡರೆ, ಅದು ತೊಟ್ಟ ಅಂಗಿಯ ಬಣ್ಣ ಗಾಬರಿಯ ಹೊತ್ತಿನಲ್ಲಿ ನೆನಪಾಗದಿದ್ದರೂ ತೊಂದರೆಯಿಲ್ಲ. ಮಗು ಕಿವಿ ಮುಚ್ಚಿಕೊಂಡರೆ ಅದು ಹಠವಲ್ಲ, ಸೂಚನೆ. ಆ ಕ್ಷಣವೇ ಎದ್ದು ದೂರ ಸರಿಯಬೇಕು, ನೆಚ್ಚಿನ ಗಾಯಕ ವೇದಿಕೆಯ ಮೇಲಿದ್ದರೂ.

ಇನ್ನೂರು ವರ್ಷದ ವಿಜಯದ ಕಥೆಯನ್ನು ಮುಂದಿನ ಪೀಳಿಗೆಗೆ ದಾಟಿಸುವುದೇ ಉತ್ಸವದ ಉದ್ದೇಶವೆಂದು ಪ್ರತಿ ಭಾಷಣದಲ್ಲೂ ಹೇಳಲಾಗುತ್ತದೆ. ಆ ಪೀಳಿಗೆ ಸಭೆಯ ಮುಂದಿನ ಸಾಲಿನ ಸೋಫಾದಲ್ಲಿಲ್ಲ. ಹಿಂದೆ, ಕತ್ತಲಲ್ಲಿ, ಯಾರದೋ ಹೆಗಲ ಮೇಲೆ ತೂಕಡಿಸುತ್ತ ಕೂತಿದೆ. ಮುಂದಿನ ಉತ್ಸವದ ಪೂರ್ವಸಿದ್ಧತಾ ಸಭೆಯಲ್ಲಿ ಆಹಾರ, ಸಾರಿಗೆ, ವೇದಿಕೆ, ಪ್ರಚಾರ ಉಪಸಮಿತಿಗಳ ಜೊತೆಗೆ ಮಕ್ಕಳಿಗಾಗಿಯೂ ಒಂದು ಉಪಸಮಿತಿ ರಚನೆಯಾದರೆ, ಆ ಮಾತಿಗೆ ಮೊದಲ ಬಾರಿಗೆ ಬೆಲೆ ಬಂದಂತಾಗುತ್ತದೆ.